ಗಂಗವ್ವನ ಮನೆ ಅಳೆದವರು

ಇವತ್ತು ಬೆಳಿಗ್ಗೆ ಕರಿ ಗೌನು ತೊಡಲು ಹೋದರೆ ಭುಜದ ಹೊಲಿಗೆ ಬಿಟ್ಟಿತ್ತು. ಗೋಕಾಕದ ಕೋರ್ಟಿನಲ್ಲಿ ನನ್ನ ವಾದಕ್ಕಿಂತ ಗಟ್ಟಿಯಾಗಿ ನಿಂತದ್ದು ಈ ಗೌನೇ. ಹೊಲಿದವಳು ಗಂಗವ್ವ. ಆಕೆ ನೆನಪಾದಳು, ಹಿಂದೆಯೇ ಸಿಟ್ಟೂ ಬಂತು.

ಗಂಗವ್ವ ಕೋರ್ಟಿನ ಹಿಂದಿನ ನಮ್ಮ ಓಣಿಯಲ್ಲೇ ಒಂದು ಖೋಲಿಯ ಬಾಡಿಗೆ ಮನೆಯಲ್ಲಿದ್ದಳು. ಬಾಗಿಲ ಬಳಿ ಹೊಲಿಗೆ ಯಂತ್ರ, ಒಳಗೆ ಒಲೆ. ವಕೀಲರೇ ಅವಳ ಗಿರಾಕಿಗಳು. ಗುಂಡಿ ಕಿತ್ತರೆ ನಮ್ಮ ಕೇಸು ಕೂಗುವುದರೊಳಗೆ ಹಚ್ಚಿಸಿಕೊಂಡು ಓಡುತ್ತಿದ್ದೆವು. ಆ ಓಣಿ ತಪ್ಪಿದರೆ ಅವಳಿಗೆ ಅನ್ನವೂ ತಪ್ಪಿದಂತೆ.

ಹೀಗಿರುವಾಗ, ಬಡವರ ಕೈಗೆ ಮನೆ ಏಕೆ ಎಟಕುತ್ತಿಲ್ಲವೆಂದು ಅಧ್ಯಯನ ಮಾಡುವ ಸಂಸದೀಯ ಸಮಿತಿಯೊಂದು ಹುಕ್ಕೇರಿ ನೋಡಿಕೊಂಡು ನಮ್ಮೂರಿಗೂ ಬಂತು. ಓಣಿಯ ತುಂಬ ಕಾರು. ಯಂತ್ರ ಸರಿಸಿ, ಖೋಲಿಗೆ ಟೇಪು ಹಿಡಿದು, ಬಾಡಿಗೆ ಎಷ್ಟು, ಗಳಿಕೆ ಎಷ್ಟು ಎಂದು ಕೇಳಿದರು. ಗಂಗವ್ವ ನಮ್ಮ ಮನೆಯಿಂದ ಕಪ್ಪು-ಬಸಿ ಒಯ್ದು ಚಹಾ ಕೊಟ್ಟಳು. ಮಳೆಗಾಲ ಮುಗಿಯುವುದರೊಳಗೆ ಇನ್ನೊಂದು ಸಮಿತಿ ಬಂತು. ಅದೂ ಸಂಸತ್ತಿನದೇ, ವಿಷಯವೂ ಅದೇ. ಮತ್ತೆ ಯಂತ್ರ ಸರಿಯಿತು, ಮತ್ತೆ ಟೇಪು ಬಿಚ್ಚಿತು.

"ಹೋದ ಸಲಾನ ಅಳದಾರಲ್ರಿ. ಅಷ್ಟರಾಗ ಮನಿ ಏನ ಬೆಳದಿಲ್ರಿ," ಎಂದಳು ಗಂಗವ್ವ.

"ಅದು ಬೇರೆ ಸಮಿತಿ, ಅಮ್ಮಾ. ಅವರ ವರದಿ ನಮಗೆ ಬರುವುದಿಲ್ಲ," ಎಂದ ಬಂದಿದ್ದ ಅಧಿಕಾರಿ, ಚಹಾ ಹೀರುತ್ತ.

ನೋಡಿ, ಕೋರ್ಟಿನಲ್ಲಿ ಮುಂದಿನ ತಾರೀಖು ಕೇಳಿ ಕೇಳಿಯೇ ಹೊಟ್ಟೆ ಹೊರೆದವನು ನಾನು. ಕಾಲ ಕಳೆಯುವವರನ್ನು ಯಾವ ಬಾಯಿಂದ ಬೈಯಲಿ? ಆದರೂ ನಮ್ಮಲ್ಲಿ ಒಂದು ನಿಯಮವಿದೆ. ಅದೇ ಕಕ್ಷಿದಾರರ ಅದೇ ವ್ಯಾಜ್ಯ ಒಂದು ಕೋರ್ಟಿನಲ್ಲಿ ನಡೆದಿದ್ದರೆ ಇನ್ನೊಂದರಲ್ಲಿ ನಡೆಸುವಂತಿಲ್ಲ. ಎಮ್ಮೆಯ ವ್ಯಾಜ್ಯಕ್ಕಿರುವ ಈ ಮರ್ಯಾದೆ ಬಡವಳ ಮನೆಗೆ ಬೇಡವೇ? ಸಂಸತ್ತಿನ ಒಂದೇ ಕಟ್ಟಡದಲ್ಲಿ ಕೂಡುವ ಈ ಸಮಿತಿಯವರು ಪಕ್ಕದ ಕೋಣೆಯವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಇದು ಬರೀ ಹೊಳೆಯಲ್ಲಿ ಹುಣಸೆ ತೊಳೆದಂತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಬರೀ ಅಷ್ಟೇ ಆಗಲಿಲ್ಲ. ನಮ್ಮ ಕಡೆ ಸರಕಾರದವರು ಟೇಪು ಹಿಡಿದರೆ ರಸ್ತೆ ಬರುತ್ತದೆ, ಇಲ್ಲವೇ ಪರಿಹಾರ ಬರುತ್ತದೆ ಎಂದೇ ನಂಬಿಕೆ. ಮನೆಯ ಮಾಲೀಕ ಬಸಪ್ಪ ಕಾಕಾ ಮೊದಲ ಸಮಿತಿ ಹೋದ ಮೇಲೆ ಬಾಡಿಗೆ ಏರಿಸಿದ. ಎರಡನೆಯದು ಹೋದ ಮೇಲೆ ಮನೆ ಬಿಡು ಎಂದ. ನಾನು ಜಗಳಕ್ಕೇ ಹೋದೆ.

"ದಿಲ್ಲಿಯಿಂದ ಎರಡೆರಡ ಸಲ ಬಂದ ಅಳೀತಾರಂದ್ರ ಈ ಜಾಗಾದಾಗ ಏನೋ ಐತ್ರಿ, ವಕೀಲ್ರ. ನನಗ ಅಷ್ಟೂ ತಿಳ್ಯಾಂಗಿಲ್ಲೇನು?" ಎಂದ ಕಾಕಾ.

ಗಂಗವ್ವ ಯಂತ್ರ ಹೊತ್ತುಕೊಂಡು ಮೂಡಲಗಿ ಕಡೆಯ ಕಲ್ಲೋಳಿಗೆ ಹೋದಳು. ಅಲ್ಲಿ ಗೌನು ತೊಡುವವರು ಯಾರು?

ಇವತ್ತು ಕೋರ್ಟಿನ ಕೆಲಸ ಮಧ್ಯಾಹ್ನದ ಮೇಲಿತ್ತು. ಬಸ್ಸು ಹತ್ತಿ ಕಲ್ಲೋಳಿಗೇ ಹೋದೆ. ಅವಳೀಗ ಹೆಂಗಸರ ಜಂಪರು ಹೊಲಿಯುತ್ತಾಳೆ, ಅದೂ ಯಾರಾದರೂ ತಂದರೆ. ಗೌನು ಕಂಡು ಮುಖ ಅರಳಿತು. ಅವಳು ಭುಜ ಹೊಲಿಯುತ್ತಿದ್ದಾಗ ಊರಲ್ಲಿ ಕೇಳಿದ ಸುದ್ದಿ ಹೇಳಿದೆ: ಅದೇ ವಿಷಯಕ್ಕೆ ಮೂರನೆಯ ಸಮಿತಿ ಬರುತ್ತದಂತೆ, ಹಳೆಯ ಬಾಡಿಗೆದಾರರನ್ನು ಕಾಣಬೇಕಂತೆ.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಅವರಿಗೆ ಈ ಪತ್ತಾ ಕೊಡಬ್ಯಾಡ್ರಿ, ವಕೀಲ್ರ. ಇಲ್ಲಿ ಬಾಡಿಗಿ ಇನ್ನೂ ಕೈಗೆ ಎಟಕತೈತಿ."

ನನಗೆ ನಗಲಾಗಲಿಲ್ಲ. ಮರಳುವ ಬಸ್ಸಿನಲ್ಲಿದ್ದಾಗಲೇ ತಾಲೂಕು ಕಚೇರಿಯಿಂದ ಫೋನು ಬಂತು. ಹೊಸ ಸಮಿತಿಗೆ ಗಂಗವ್ವನ ವಿಳಾಸ ಬೇಕಿತ್ತಂತೆ. ತೊಡೆಯ ಮೇಲಿನ ಗೌನನ್ನು ಸರಿಪಡಿಸಿಕೊಂಡು, ಜೀವಮಾನವೆಲ್ಲ ಮಾಡಿದ್ದನ್ನೇ, ಮೊದಲ ಸಲ ಮನಸಾರೆ ಮಾಡಿದೆ.

"ಸ್ವಲ್ಪ ಟೈಮ್ ಬೇಕ್ರಿ," ಎಂದೆ. "ಮುಂದಿನ ತಾರೀಖ ಕೊಡ್ರಿ."