ಕಾಣಿಕೆಯ ಮೆಣಸು

ಮೇಸ್ತ್ರಿಯವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆಗಿದ್ದಾಗ ಆ ಬೆರಳು ಯಾವ ಆಳಿನ ಕಡೆ ಎದ್ದರೂ ಆ ಆಳು ಅವತ್ತು ಕೆಲಸ ಬಿಟ್ಟು ಮನೆಗೆ ನಡೆಯಬೇಕಿತ್ತಂತೆ. ಬಣಕಲ್ಲಿನ ನಮ್ಮ ಬಟ್ಟೆ ಅಂಗಡಿಗೆ ಅವರು ಕಾಲಿಟ್ಟರೆ ಸೀರೆ ಆರಿಸುತ್ತಿದ್ದ ತೋಟದ ಹೆಂಗಸರ ಬಾಯಿ ಕಟ್ಟಿಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಅವರ ಕೊನೆಯ ಎರಡು ವರ್ಷ ಅದೇ ಬೆರಳು ನನ್ನೆದುರು ಏಳುತ್ತಿತ್ತು. ಓದಿದ್ದನ್ನು ಇನ್ನೊಮ್ಮೆ ಓದು ಎಂದು ಅದರ ಅರ್ಥ.

ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದಿತ್ತು. ಕಣ್ಣಿದ್ದಾಗಲೂ ರುಜು ಹಾಕುವಷ್ಟೇ ಅಕ್ಷರ. ಬೈಬಲ್ ಓದಿ ಹೇಳುತ್ತಿದ್ದವರು ಹೆಂಡತಿ. ಆಕೆ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪುಸ್ತಕ ಹಿಡಿದು, ಗೋಡೆ ತಡವಿಕೊಂಡು ನಮ್ಮ ಅಂಗಡಿಗೆ ಬಂದರು.

“ಮಗಳೇ, ಗಿರಾಕಿ ಇಲ್ದಾಗ ಒಂದು ಪುಟ ಓದ್ತೀಯಾ? ಓದೋ ದನಿ ಇಲ್ದೆ ಮನೆ ಬಿಕೋ ಅಂತದೆ.”

ನನ್ನ ಹಣೆಯಲ್ಲಿ ವಿಭೂತಿ. ಒಳಗಿಂದ ಅತ್ತೆ ಗಂಟಲು ಸರಿಮಾಡಿಕೊಂಡ ಸದ್ದು. ಇಲ್ಲವೆನ್ನಲು ಬಾಯಿ ಬರಲಿಲ್ಲ, ಅಷ್ಟೇ ನನ್ನ ದೊಡ್ಡತನ.

ಮೊದಲ ಕೆಲವು ತಿಂಗಳು ಅವರು ಕೇಳುತ್ತಲೇ ತೂಕಡಿಸುತ್ತಿದ್ದರು. ಆಮೇಲೆ ಏನೋ ಆಯಿತು. ಇಂಥ ದಿನದಿಂದ ಎಂದು ಹೇಳಲಾರೆ. ಆಟೋದವನಿಗೆ ಸುಮ್ಮನೆ ಬೈದಿದ್ದಕ್ಕೆ ಮರುದಿನ ರಸ್ತೆಯಲ್ಲಿ ಕಾದು ನಿಂತು “ತಪ್ಪಾಯ್ತು ಮಾರಾಯ” ಎಂದರು. ನಮ್ಮತ್ತೆಗೂ ಕೈಮುಗಿಯತೊಡಗಿದರು. ನನಗೆ ಒಳಗೊಳಗೇ ನಗು. ಹೆದರಿಸಲು ಯಾರೂ ಉಳಿಯದಾಗ ಯಾರಾದರೂ ಸಾಧುವಾಗುತ್ತಾರೆ ಎಂದುಕೊಂಡಿದ್ದೆ. ಒಮ್ಮೆ ಹಾಗೆಯೇ ಕೇಳಿಯೂ ಬಿಟ್ಟೆ.

“ನಾನೇನೂ ಮಾಡ್ತಿಲ್ಲ ಮಾರಾಯ್ತಿ,” ಎಂದರು. “ನೀನು ಓದಿದ್ದು ಒಳಗೆ ಕೂತ್ಕೊಂಡು ಮಾಡ್ತದೆ. ನಂಗೆ ತಡೆಯಕ್ಕಾಗ್ತಿಲ್ಲ.”

ಒಂದು ದಿನ ಓದುತ್ತ, ಕಾಣಿಕೆ ಕೊಡಲು ಬಂದವನಿಗೆ ಯೇಸು ಹೇಳುವ ಮಾತಿನ ಜಾಗಕ್ಕೆ ಬಂದೆ. ನಿನ್ನಿಂದ ಯಾರಿಗಾದರೂ ನೋವಾಗಿದೆ ಎಂಬುದು ಅಲ್ಲೇ ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಅವರೊಡನೆ ಸರಿಮಾಡಿಕೊಂಡು ಬಾ ಎಂದು ಅದರ ಸಾರ. ಬೆರಳು ಎದ್ದಿತು. ನಾಲ್ಕು ಸಲ ಓದಿಸಿದರು. ಮರುದಿನ ಒಂದು ಸಣ್ಣ ಬಟ್ಟೆಯ ಗಂಟು ತಂದು ನಮ್ಮ ಕೌಂಟರಿನ ಮೇಲಿಟ್ಟರು. ಮನೆ ಹಿಂದಿನ ಬಳ್ಳಿಯ ಕಾಳುಮೆಣಸು, ಇಗರ್ಜಿಗೆ ಕೊಡಲು ಎತ್ತಿಟ್ಟಿದ್ದು.

“ಇದು ಇಲ್ಲೇ ಇರ್ಲಿ. ನಂಗೆ ಮಲ್ಲಂದೂರಿಗೆ ಹೋಗ್ಬೇಕು. ನೀನು ಬರ್ಬೇಕು.”

ಆಮೇಲೆ ಹೇಳಿದರು. ಬಹಳ ವರ್ಷದ ಹಿಂದೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುಬೆಳಿಗ್ಗೆ, ಮೆಣಸು ಕುಯ್ಯಲು ಒಬ್ಬನನ್ನು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಹತ್ತಿಸಿದ್ದರು. ಏಣಿ ಒದ್ದೆ ಇದೆ, ಬಿಸಿಲು ಬರಲಿ ಎಂದನಂತೆ ಅವನು. ಇವರ ಬೆರಳು ಎದ್ದಿತು. ಕೆಲಸ ಹೋದೀತೆಂದು ಹತ್ತಿದ, ಜಾರಿ ಬಿದ್ದ, ಸತ್ತ. ತೋಟದ ಸಾಹುಕಾರರು ಕಾಫಿ ಒಣಗಿಸುವ ಕಣದಲ್ಲಿ ಎಲ್ಲರನ್ನೂ ಸೇರಿಸಿ ಕೇಳಿದಾಗ ಇವರು ಒಂದೇ ಮಾತು ಹೇಳಿದರು: “ಕುಡಿದಿದ್ದ.” ಅವನು ಕುಡಿಯುತ್ತಲೇ ಇರಲಿಲ್ಲ. ಅವನ ಹೆಂಡತಿ ಕುಡುಕನ ಹೆಂಡತಿಯಾಗಿ ಮಗಳನ್ನು ಕಟ್ಟಿಕೊಂಡು ಎಸ್ಟೇಟಿನ ಕೂಲಿಗಳ ಲೈನ್‌ಮನೆ ಬಿಟ್ಟಳು.

“ಫಾದರ್ ಹತ್ರ ಪಾಪನಿವೇದನೆ ಮಾಡಿದ್ದೆ. ಕ್ಷಮೆ ಆಯ್ತು ಅಂದ್ರು. ಆದ್ರೆ ನೀನು ಓದಿದ ಮಾತು ಬಿಡ್ತಿಲ್ಲ.”

ಮಲ್ಲಂದೂರಿನಲ್ಲಿ ಅವನ ಹೆಂಡತಿ ಮಗಳ ಮನೆಯಲ್ಲಿದ್ದಳು. ಕಾಫಿ ತಂದಳು. ನನ್ನ ಲೋಟ ಕೈಗೆ ಕೊಟ್ಟಳು, ಕಣ್ಣು ಕಾಣದ ಅವರ ಲೋಟವನ್ನು ನೆಲದ ಮೇಲಿಟ್ಟಳು. ನಾನೇ ಎತ್ತಿ ಕೊಟ್ಟೆ. ಅವರು ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಆಕೆ ಬಾಗಿಲಿಗೆ ಒರಗಿ ನಿಂತಿದ್ದಳು.

“ಅವ್ರು ಕುಡಿದಿರ್ಲಿಲ್ಲ ಅಂತ ನಂಗೇ ಬಂದು ಹೇಳ್ತೀರಾ ಮೇಸ್ತ್ರಿ? ನಂಗೆ ಗೊತ್ತಿಲ್ದೇ ಇರೋದಾ? ಕಣದಲ್ಲಿ ಎಲ್ಲರ ಮುಂದೆ ಹೇಳಿದ್ರಲ್ಲ, ಅಲ್ಲೇ ಹೋಗಿ ಹೇಳಿ.”

ಮುಂದಿನ ವಾರವೇ ಹೊರಟರು. ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಆಟೋದಲ್ಲಿ ಆ ಎಸ್ಟೇಟಿನ ಕಣಕ್ಕೆ ಹೋದೆವು. ಲೆಕ್ಕ ಬರೆಯುವ ರೈಟರ್ ಹೊಸಬ, ಐದು ನಿಮಿಷ ಕೊಟ್ಟ. ಅಲ್ಲಿ ನಿಂತಿದ್ದ ನಲವತ್ತು ಜನರ ಮುಖ ನೋಡಿದೆ. ಎಲ್ಲರೂ ಕೂಲಿಗೆ ಬಂದ ಅಸ್ಸಾಮಿನವರು. ಹಳೆಯ ಲೈನಿನವರು ಒಬ್ಬರೂ ಇರಲಿಲ್ಲ. ಕನ್ನಡದ ಒಂದು ಪದವೂ ಯಾರಿಗೂ ಬಾರದು.

ಅವರಿಗೆ ಅದು ಕಾಣುವಂತಿರಲಿಲ್ಲ. ಕೋಲು ಊರಿ, ಇಡೀ ಕಣಕ್ಕೆ ಕೇಳುವ ಹಳೆಯ ಮೇಸ್ತ್ರಿ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಒದ್ದೆ ಏಣಿ, ತಮ್ಮ ಬೆರಳು, ತಮ್ಮ ಸುಳ್ಳು. ಕೊನೆಗೆ ಕೈಮುಗಿದು ನಿಂತುಬಿಟ್ಟರು. ರೈಟರ್ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅವನಿಗೆ ಮುರುಕು ಹಿಂದಿ ಬರುತ್ತಿತ್ತು, ಇವರಿಗೆ ತಿಳಿಸಪ್ಪಾ ಎನ್ನಬಹುದಿತ್ತು. ಎನ್ನಲಿಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು, ಕುರುಡ ಮುದುಕ ಬೇಡುತ್ತಿದ್ದಾನೆಂದು ತಿಳಿದಳೋ ಏನೋ, ತನ್ನ ತಿಂಡಿಯ ಚೀಲದಿಂದ ಬಾಳೆಹಣ್ಣೊಂದನ್ನು ತೆಗೆದು ಅವರ ಮುಗಿದ ಕೈಗಳ ನಡುವೆ ಇಟ್ಟಳು.

ಮೇಸ್ತ್ರಿಯವರು ಗಳಗಳನೆ ಅತ್ತರು.

ಆಟೋದಲ್ಲಿ ಹಣ್ಣನ್ನು ಎದೆಗೆ ಒತ್ತಿಕೊಂಡೇ ಕೇಳಿದರು: “ಹಳಬ್ರು ಇದ್ರಾ ಮಗಳೇ?”

“ಇದ್ರು.”

“ಎಲ್ಲ ಕೇಳಿಸ್ಕೊಂಡ್ರಾ?”

“ಕೇಳಿಸ್ಕೊಂಡ್ರು ಮೇಸ್ತ್ರಿಯವ್ರೇ.”

ಮೆಣಸಿನ ಗಂಟನ್ನು ಅವತ್ತೇ ಒಯ್ದು ಇಗರ್ಜಿಗೆ ಕೊಟ್ಟರು. ಒಂದು ತಿಂಗಳಿಗೆ ತೀರಿಕೊಂಡರು. ಮುಖ ಶಾಂತವಾಗಿತ್ತು. ಆ ಶಾಂತಿ ನನ್ನ ಸುಳ್ಳಿನದೋ ಅವರ ಪುಸ್ತಕದ್ದೋ ನನಗೆ ತಿಳಿಯದು. ನಿಜ ಹೇಳಬೇಕಿತ್ತೆ? ಹೇಳಿದ್ದರೆ ಅವರು ಏನು ಮಾಡುತ್ತಿದ್ದರು?

ಮಣ್ಣಾದ ಮೇಲೆ ಮಲ್ಲಂದೂರಿಗೆ ಹೋಗಿ, ಅವರು ಕಣದಲ್ಲಿ ಹೇಳಿದರು ಎಂದೆ. ಆಕೆ ಒಂದೇ ಮಾತು ಕೇಳಿದಳು. “ಯಾರು ಕೇಳಿಸ್ಕೊಂಡ್ರು?” ನಾನು ಎದ್ದು ಬಂದೆ.

ಆ ಪುಸ್ತಕ ಅದೇ ಪ್ಲಾಸ್ಟಿಕ್ ಕವರಿನಲ್ಲಿ ನಮ್ಮ ಅಂಗಡಿಯಲ್ಲೇ ಉಳಿದಿದೆ. ನಾನು ಮತ ಬದಲಿಸಿಲ್ಲ, ವಿಭೂತಿಯೂ ಹಣೆಯಲ್ಲೇ ಇದೆ. ಆದರೆ ನಾಲ್ಕು ಸಲ ಓದಿದ ಆ ಮಾತು ಈಗ ನನ್ನನ್ನೂ ಬಿಡುತ್ತಿಲ್ಲ. ಆ ಕಣದ ಹಳಬರು ಈಗ ಎಲ್ಲೆಲ್ಲಿದ್ದಾರೋ. ಆಲ್ದೂರಿನಲ್ಲೋ, ಕಳಸದಲ್ಲೋ, ಕನ್ನಡ ಓದುವ ಯಾವ ಊರಿನಲ್ಲೋ. ಅವರಲ್ಲಿ ಒಬ್ಬರ ಕೈಗಾದರೂ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಅವನು ಅವತ್ತು ಕುಡಿದಿರಲಿಲ್ಲ. ಏಣಿ ಒದ್ದೆಯಾಗಿತ್ತು.