ತೆಲುಗು ಬೀರುವಿನಲ್ಲಿದ್ದ ಸಂಪುಟ

ಮೆಟ್ಟೂರಿನ ಅಣೆಕಟ್ಟು ಮುಗಿದ ಮರುವರ್ಷ ನಾನು ಧರ್ಮಪುರಿಯ ಒಂದು ವಾಚನಾಲಯದಲ್ಲಿ ಪುಸ್ತಕ ತೆಗೆದುಕೊಡುವ ಕೆಲಸಕ್ಕೆ ಸೇರಿದೆ. ಸ್ಕೂಲ್ ಫೈನಲ್ ಪಾಸಾಗಿದ್ದೆ. ಅಷ್ಟು ಓದಿ ಧೂಳು ಹೊಡೆಯುವುದೇ ಎಂಬ ಸಿಟ್ಟು ಮೊದಲ ದಿನದಿಂದಲೇ ಇತ್ತು.

ಅಲ್ಲಿ ಮೂರು ಬೀರುಗಳಿದ್ದವು: ತಮಿಳಿಗೊಂದು, ಇಂಗ್ಲಿಷಿಗೊಂದು, ತೆಲುಗಿಗೊಂದು. ಕನ್ನಡಕ್ಕೆ ಕಿಟಕಿಯ ಪಕ್ಕದ ಒಂದು ಹಲಗೆ. ಓದುವವರು ಬೀರು ಮುಟ್ಟುವಂತಿರಲಿಲ್ಲ. ಬೇಕಾದದ್ದನ್ನು ಕೋರಿಕೆ ಪುಸ್ತಕದಲ್ಲಿ ಬರೆಯಬೇಕು. ಬೀಗದ ಕೈ ಇಟ್ಟುಕೊಂಡ ನಾನು ಅದರ ಎದುರಿಗೆ ‘ಇದೆ’ ಅಥವಾ ‘ಇಲ್ಲ’ ಎಂದು ಬರೆಯಬೇಕು. ನನ್ನ ‘ಇಲ್ಲ’ದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ.

ಭಾನುವಾರಗಳಲ್ಲಿ ಮೊರಪ್ಪೂರಿನ ಕಡೆಯಿಂದ ಸಣ್ಣ ರೈಲಿನಲ್ಲಿ ಒಬ್ಬ ಮೇಷ್ಟ್ರು ಬರುತ್ತಿದ್ದರು. ಶಾಲೆಯಲ್ಲಿ ತಮಿಳು ಕಲಿಸುತ್ತಿದ್ದರು, ಮನೆಯಲ್ಲಿ ನಮ್ಮಂತೆ ಕನ್ನಡ. ಒಂದು ಹಳಗನ್ನಡ ಕಾವ್ಯದ ಮೇಲೆ ಹನ್ನೆರಡು ವರ್ಷದಿಂದ ವಿಮರ್ಶೆ ಬರೆಯುತ್ತಿದ್ದರು. ಆ ಕಾವ್ಯದ ಜೀವ ರಾಜನಲ್ಲಿಲ್ಲ, ನಾಲ್ಕೇ ಪದ್ಯಗಳಲ್ಲಿ ಬಂದು ಹೋಗುವ ಮುದುಕಿ ದಾದಿಯಲ್ಲಿದೆ ಎಂಬುದು ಅವರು ಕಂಡುಕೊಂಡ ವಿಚಾರ. ಅದನ್ನು ಬೆಂಗಳೂರಿನ ಮಾಸಪತ್ರಿಕೆಯೊಂದಕ್ಕೆ ಕಳುಹಿಸುವ ಮುನ್ನ ಹಿಂದಿನವರು ಏನು ಹೇಳಿದ್ದಾರೆಂದು ನೋಡಲೇಬೇಕೆಂದಿದ್ದರು.

“ನಮ್ಗೆ ಒಳೆದಿದ್ದು ನಮ್ಗೇ ಮೊದ್ಲು ಒಳೀತು ಅಂದ್ಕೋಬಾರ್ದು ಕಣ್ಲಾ,” ಎನ್ನುತ್ತಿದ್ದರು. “ಮೊದ್ಲು ಪಟ್ಟಿ ನೋಡು. ಆಮೇಲೆ ಹಳೇ ಪತ್ರಿಕೆಗಳ ವಿಷಯಸೂಚಿ. ಒಂದು ಪುಸ್ತಕದ ಕೊನೇಲಿ ಇನ್ನೊಂದರ ಯೆಸ್ರು ಇರ್ತದೆ, ಅದನ್ನ ಇಡ್ಕೊಂಡು ಓಗು.” ಹೀಗೆ ಹುಡುಕುವುದನ್ನು ನನಗೆ ಕಲಿಸಿದವರೇ ಅವರು.

ಒಂದು ಭಾನುವಾರ ಕೋರಿಕೆ ಪುಸ್ತಕದಲ್ಲಿ ಬರೆದರು: ‘ಕನ್ನಡ ಮಾಸಪತ್ರಿಕೆಗಳ ಹಳೆಯ ಸಂಪುಟ, ಯಾವುದಾದರೂ.’ ಮುಂದಿನ ವಾರ ನೋಡಿ ಹೇಳುತ್ತೇನೆ ಎಂದೆ. ನನಗೆ ಒಂದು ನೆನಪಿತ್ತು. ತೀರಿಕೊಂಡ ಗುಮಾಸ್ತರೊಬ್ಬರ ಮನೆಯವರು ಒಂದು ಟ್ರಂಕು ಪುಸ್ತಕ ಕೊಟ್ಟಿದ್ದರು. ಬೈಂಡಿನವನು ರಟ್ಟುಗಳನ್ನು ಕಿತ್ತು ಹೊಸದಾಗಿ ಹೊಲಿದಿದ್ದ. ತಮಿಳು ವಕೀಲರಾದ ನಮ್ಮ ಕಾರ್ಯದರ್ಶಿ ದುಂಡಕ್ಷರ ಕಂಡು ಎಲ್ಲವನ್ನೂ ತೆಲುಗು ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಅದರಲ್ಲಿ ಕನ್ನಡ ಮಾಸಪತ್ರಿಕೆಯ ಸಂಪುಟವೊಂದಿದೆ ಎಂದು ನನಗೆ ತಿಂಗಳಲ್ಲೇ ಗೊತ್ತಾಗಿತ್ತು. ಸೋಮಾರಿತನದಿಂದ ಹೇಳಿರಲಿಲ್ಲ.

ಆ ವಾರ ಸಂಪುಟ ತೆಗೆದು ನೋಡಿದೆ. ಅದೇ ಕಾವ್ಯದ ಮೇಲೆ ಒಂದು ಲೇಖನವಿತ್ತು. ಅದರಲ್ಲಿ ಅದೇ ದಾದಿ, ಹೆಚ್ಚುಕಡಿಮೆ ಅದೇ ಮಾತು. ಒಂದು ಚೀಟಿಯಲ್ಲಿ ‘ಮೇಷ್ಟ್ರು ಹೇಳುವ ದಾದಿಯ ವಿಚಾರ ಇಲ್ಲಿದೆ’ ಎಂದು ಬರೆದು ಆ ಪುಟದಲ್ಲಿಟ್ಟೆ. ಅವರಿಗೆ ಕೊಡುವುದಕ್ಕೆಂದೇ ಇಟ್ಟದ್ದು. ಇದನ್ನು ಯಾರಾದರೂ ನಂಬುತ್ತಾರೋ ಇಲ್ಲವೋ ತಿಳಿಯದು.

ಭಾನುವಾರ ಬಂದರು. ಸಂಪುಟದ ಮಾತು ತೆಗೆಯುವ ಮೊದಲು ನಾನೇ ಬರೆದ ಒಂದು ಪುಟ ಅವರ ಕೈಗೆ ಕೊಟ್ಟೆ. ಹೊಗಳಿಕೆಯ ಆಸೆ. ಅವರು ಅದನ್ನು ಗಟ್ಟಿಯಾಗಿ ಓದಿದರು. ಪೇಪರು ಓದುತ್ತಿದ್ದ ಮೂವರು ತಲೆಯೆತ್ತಿದರು.

“ಲೇ, ಇದು ಕನ್ನಡನೇನ್ಲಾ? ತಮಿಳಿಗೆ ಕನ್ನಡದ ಪಂಚೆ ಉಡ್ಸಿ ಕೂರ್ಸಿದ್ದೀಯಲ್ಲೋ!”

ಎಲ್ಲರೂ ನಕ್ಕರು. ಮೇಷ್ಟ್ರು ನನ್ನ ಬೆನ್ನು ತಟ್ಟಿ, “ಬೇಜಾರಾಗ್ಬ್ಯಾಡ, ನಂದೂ ಅಂಗೇ ಇತ್ತು. ತಿದ್ಕೊಂಡೆ,” ಎಂದರು. ನಾನು ಎಲ್ಲರ ನಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ, ಆ ಸಮಾಧಾನದ ಮಾತನ್ನು ಬಿಟ್ಟೆ. “ಸಂಪುಟ ಏನಾಯ್ತಪ್ಪಾ?” ಎಂದು ಕೇಳಿದಾಗ ಕೋರಿಕೆ ಪುಸ್ತಕ ಎಳೆದುಕೊಂಡು ‘ಇಲ್ಲ’ ಎಂದು ಬರೆದೆ. ಮುಂದಿನ ವಾರಗಳಲ್ಲಿ ಅವರು ಇನ್ನೂ ಎರಡು ಸಲ ಕೇಳಿದರು. ಎರಡು ಸಲವೂ ಹಾಗೆಯೇ ಬರೆದೆ.

ಮೇಷ್ಟ್ರ ಲೇಖನ ಬೆಂಗಳೂರಿಗೆ ಹೋಯಿತು. ಎರಡು ತಿಂಗಳ ಮೇಲೆ ಮೇಷ್ಟ್ರು ವಾರದ ನಡುವೆ, ಶಾಲೆಗೆ ರಜೆ ಹಾಕಿ ಬಂದರು. ಸಂಪಾದಕರ ಕಾಗದ ನನ್ನ ಮುಂದಿಟ್ಟರು. ಈ ವಿಚಾರ ಇಂಥ ಪತ್ರಿಕೆಯಲ್ಲಿ ಹಿಂದೆಯೇ ಬಂದಿದೆ, ಮೂಲ ಲೇಖಕರ ಹೆಸರು ಹೇಳದೆ ಎತ್ತಿಕೊಂಡದ್ದು ಉಪಾಧ್ಯಾಯರಿಗೆ ತಕ್ಕದ್ದಲ್ಲ ಎಂದು ಅದರಲ್ಲಿತ್ತು.

“ಕಳ್ಳ ಅಂದವ್ರೆ ಕಣಪ್ಪಾ,” ಎಂದರು. ಆ ದಿನ ‘ಲೇ’ ಎನ್ನಲಿಲ್ಲ. “ನಾನು ಆ ಪತ್ರಿಕೆ ಕಣ್ಣಲ್ಲೂ ನೋಡಿಲ್ಲ. ಈ ಪತ್ರಿಕೆ ಇಲ್ಲಿಲ್ಲ ಅಂತ ಒಂದು ಕಾಗ್ದ ಬರ್ದು ಸೀಲ್ ಆಕ್ಕೊಡು. ಅಷ್ಟು ಸಾಕು.”

ಕೋರಿಕೆ ಪುಸ್ತಕದಲ್ಲಿ ಮೂರು ಸಲ ಬರೆದ ಕೈಗೆ ಸೀಲಿನ ಮುಂದೆ ಧೈರ್ಯ ಬರಲಿಲ್ಲ. ನನಗೆ ಅಧಿಕಾರವಿಲ್ಲ, ಕಾರ್ಯದರ್ಶಿಗಳೇ ಕೊಡಬೇಕು ಎಂದೆ. ಆಗಲೇ ನಿಜ ಹೇಳಬಹುದಿತ್ತು.

ಮೇಷ್ಟ್ರು ಹೋಗಿ ಕಾರ್ಯದರ್ಶಿಯನ್ನೇ ಕರೆತಂದರು. ವಕೀಲರಲ್ಲವೇ, ನೋಡದೆ ಸಹಿ ಹಾಕುವವರಲ್ಲ. ಮೂರು ಬೀರುಗಳನ್ನೂ ತೆಗೆಸಿದರು. ಮೇಷ್ಟ್ರೇ ಒಂದೊಂದನ್ನೂ ಬಿಚ್ಚಿ ನೋಡುತ್ತ ಬಂದರು. ತೆಲುಗು ಬೀರುವಿನ ಎರಡನೆಯ ಸಾಲಿನಲ್ಲಿ ಅವರ ಕೈ ನಿಂತಿತು.

ಕಾರ್ಯದರ್ಶಿ ಬಗ್ಗಿ ನೋಡಿ, “ರೆಂಡುಮ್ ಒಣ್ಣುದಾನೇ, ಎರಡೂ ಒಂದೇ ತಾನೆ ಅಂದುಕೊಂಡಿದ್ದೆ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಹಾಗಾದರೆ ಪುಸ್ತಕ ಇಲ್ಲೇ ಇದೆ. ಇಲ್ಲ ಎಂದು ಹೇಗೆ ಬರೆಯಲಿ ವಾತ್ಯಾರೇ? ನೀವು ವಾರವಾರ ಇಲ್ಲಿಗೇ ಬರುವವರು,” ಎಂದರು.

ಮೇಷ್ಟ್ರ ಕೈಯಲ್ಲಿ ಪುಟ ತೆರೆದುಕೊಂಡಿತ್ತು, ನನ್ನ ಚೀಟಿ ಅಲ್ಲೇ ಇತ್ತು. ಓದಿದರು. ನನ್ನ ಅಕ್ಷರ ಅವರಿಗೆ ಚೆನ್ನಾಗಿ ಗೊತ್ತು. ಆ ಚೀಟಿಯನ್ನೂ ಕೋರಿಕೆ ಪುಸ್ತಕದ ನನ್ನ ಮೂರು ‘ಇಲ್ಲ’ಗಳನ್ನೂ ಕಾರ್ಯದರ್ಶಿಗೆ ತೋರಿಸಿದ್ದರೆ ಅವರ ಮಾನ ಉಳಿಯುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಅವರು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

“ಎಂಗೋ ತಪ್ಪಿ ಸೇರ್ಕೊಂಡದೆ, ಬಿಡಿ ಸಾರ್,” ಎಂದರು.

ನಿಂತೇ ಆ ಲೇಖನವನ್ನು ಪೂರ್ತಿ ಓದಿದರು. ಸಂಪುಟವನ್ನು ನನ್ನ ಕೈಗೆ ಕೊಡುವಾಗ, “ಚೆನ್ನಾಗಿ ಬರ್ದವ್ರೆ. ನನಗಿಂತ ಚೆನ್ನಾಗೇ ಬರ್ದವ್ರೆ,” ಎಂದಷ್ಟೇ ಹೇಳಿ ರೈಲಿಗೆ ಹೊರಟರು. ಆಮೇಲೆ ಬರಲೇ ಇಲ್ಲ. ಬರೆಯುವುದನ್ನೂ ಬಿಟ್ಟರೆಂದು ಆ ಕಡೆಯವರು ಹೇಳಿದರು. ಮೊರಪ್ಪೂರಿಗೆ ಹೋಗಿ, ಸಂಪಾದಕರಿಗೆ ನಾನೇ ಕಾಗದ ಬರೆಯುತ್ತೇನೆಂದು ಅವರಿಗೆ ಹೇಳಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡೆ. ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಇನ್ನು ಆ ಚೀಟಿಯ ಭಯವಿಲ್ಲ ಎಂಬ ನೆಮ್ಮದಿ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಸಂಪುಟವನ್ನು ಕನ್ನಡದ ಹಲಗೆಗೆ ತಂದಿಟ್ಟು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದೆ. ನಾನು ಅಲ್ಲಿದ್ದಷ್ಟು ವರ್ಷವೂ ಅದನ್ನು ಇನ್ನೊಬ್ಬರು ಕೇಳಲಿಲ್ಲ.