ಏಳು ಮಕ್ಕಳ ಸಾಲಿ

ಹೊಸ ದಾಖಲಾತಿ ರಜಿಸ್ಟರ್ ಬಿಚ್ಚಿದೊಡನೆ ಅಂಟಿನದೊಂದು ವಾಸನೆ ಬರುತ್ತದೆ. ನಿಮಗೆ ಅದು ಹಿಡಿಸದಿರಬಹುದು. ಮಾಸ್ತರಿಕೆಯಲ್ಲಿ ಕೂದಲು ನರೆಸಿಕೊಂಡ ನನಗೆ ಹಿತವೇ. ಇವತ್ತು ಬೆಳಗ್ಗೆ ಅದು ಮೂಗಿಗೆ ಬಡಿದಾಗ, ಈ ವರ್ಷ ಮುಚ್ಚಿಹೋದ ನನ್ನ ಹಿಂದಿನ ಶಾಲೆ ನೆನಪಾಯಿತು.

ನಾಲತವಾಡದ ಆಚೆ, ಹೊಲಗಳ ನಡುವಿನ ವಸ್ತಿಯಲ್ಲಿ ಅದಿತ್ತು. ಕೋಣೆ ಎರಡು, ಮಾಸ್ತರ ನಾನೊಬ್ಬ, ಮಕ್ಕಳು ಏಳು: ಐವರು ಹುಡುಗರು, ಇಬ್ಬರು ಹುಡುಗಿಯರು. ಮೇಲಿನ ಕಚೇರಿಗೆ ಕಳಿಸುವ ನಮೂನೆಯಲ್ಲಿ ಮಾತ್ರ ಮಕ್ಕಳಿಗಿಂತ ಅಂಕಣಗಳೇ ಹೆಚ್ಚು. ಗಂಡು, ಹೆಣ್ಣು, ಜಾತಿ, ವರ್ಗ, ಅಲ್ಪಸಂಖ್ಯಾತರು. ಬಹುಪಾಲು ಸೊನ್ನೆ. ಸೊನ್ನೆಯನ್ನು ದುಂಡಗೆ ಬರೆಯುವುದರಲ್ಲಿ ನನ್ನಷ್ಟು ಪಳಗಿದವರು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ.

ಒಂದನೇ ತರಗತಿ ಎಂದರೆ ಮುಬೀನಾ ಒಬ್ಬಳೇ, ಲಿಂಬೆ ತೋಟದ ಲಾಲಸಾಬನ ಮಗಳು. ಪರೀಕ್ಷೆಯಲ್ಲಿ ಮೊದಲನೆಯವಳೂ ಅವಳೇ, ಕೊನೆಯವಳೂ ಅವಳೇ. ನಾಲ್ಕನೇ ತರಗತಿಯ ರೇಣುಕಾ ಬಿಡುವಿನಲ್ಲಿ ಅವಳ ಜಡೆ ಹೆಣೆಯುತ್ತಿದ್ದಳು. ಆಟಕ್ಕೆ ಕರೆದರೆ ಮಾತ್ರ ದೊಡ್ಡವಳೆಂಬ ಗತ್ತು.

ದೀಪಾವಳಿ ರಜೆ ಮುಗಿದ ಮೇಲೆ ಲಾಲಸಾಬ ಬಂದ. "ಸರ, ಮಗಳ ಟೀಸಿ ಕೊಡ್ರಿ. ಮುದ್ದೇಬಿಹಾಳದಾಗ ನಮ್ಮ ತಂಗಿ ಮನ್ಯಾಗ ಬಿಡ್ತೇನಿ."

"ಯಾಕೋ, ಕಲಿಸೂದು ಸರಿ ಇಲ್ಲೇನು?"

"ಹಂಗಲ್ರಿ. ಓದೂದು ಬರಿಯೂದು ಛಲೋ ಬರ್ತೈತಿ."

ಒಂದು ಮಗು ಕಡಿಮೆಯಾದರೂ ಶಾಲೆಯನ್ನು ಮುಂದಿನ ಊರಿನ ಶಾಲೆಗೆ ಸೇರಿಸುತ್ತೇವೆ ಎಂದು ಮೇಲಿನವರು ಹೇಳಿಹೋಗಿದ್ದರು. ಎಣಿಕೆಗೆ ಇನ್ನೊಂದು ತಿಂಗಳಿತ್ತು. ಫಾರಂ ತೀರಿದೆ, ಮೊಹರು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ಎರಡು ಸಲ ಅವನನ್ನು ಹಿಂದಕ್ಕೆ ಕಳಿಸಿದೆ. ಎರಡೂ ಸಲ "ಆತ್ರಿ ಸರ" ಎಂದು ಹೋದ. ನಂಬಿದನೋ, ನನ್ನ ಮರ್ಯಾದೆ ಕಾಯ್ದನೋ ತಿಳಿಯದು.

ಮೂರನೆಯ ಸಲ ಮಗಳನ್ನೂ ಕರೆದುಕೊಂಡು ಬಂದ. ಅವಳನ್ನೇ ಕೇಳಿದೆ: "ಯಾಕವ್ವಾ, ನಮ್ಮ ಸಾಲಿ ಬ್ಯಾಡೇನು?"

"ಸಾಲಿ ಬೇಕ್ರಿ ಸರ. ನಾ ಯಾರ ಜೋಡಿ ಆಡ್ಲಿ?"

ಮೇಜಿನ ಖಾನೆಯಿಂದ ಮೊಹರು ತೆಗೆದೆ. ಲಾಲಸಾಬ ಅದನ್ನು ನೋಡಿದ.

ಈ ಜೂನಿನಲ್ಲಿ ಶಾಲೆ ತೆರೆಯಲಿಲ್ಲ. ನನ್ನನ್ನೂ ಮುಂದಿನ ಊರಿಗೆ ಹಾಕಿದರು. ಮುಬೀನಾಳಿಗೆ ಗೆಳತಿಯರು ಸಿಕ್ಕಿದ್ದಾರೆಂದು ಅವಳಪ್ಪ ಹೇಳುತ್ತಾನೆ. ಐವರು ಹುಡುಗರು ಸೈಕಲ್ ಹತ್ತಿ ನನ್ನ ಹಿಂದೆಯೇ ಬಂದರು. ರೇಣುಕಾ ಬರಲಿಲ್ಲ. ಇದಕ್ಕೆ ಯಾರನ್ನು ದೂರಬೇಕೆಂದು ಬಹಳ ಯೋಚಿಸಿದೆ. ಪ್ರತಿ ಸಲವೂ ದೂರಬೇಕಾದವರ ಸಾಲಿನಲ್ಲಿ ನಾನೂ ಇರುತ್ತಿದ್ದೆ.

ಮೊನ್ನೆ ಅವಳ ಮನೆಗೆ ಹೋದೆ. ತಾಯಿ ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಳು.

"ಹೆಣ್ಣ ಹುಡುಗಿ, ಒಬ್ಬಾಕೀನ ಅಷ್ಟ ದೂರ ಹೆಂಗ ಕಳಸೂದ್ರಿ ಸರ?"

"ನಾ ದಿನಾ ಇದ ದಾರೀಲೇ ಹೋಗ್ತೇನಿ. ಗಾಡಿ ಮ್ಯಾಲ ಕರಕೊಂಡು ಹೋಗಿ, ಸಂಜೀಕ ತಂದು ಬಿಡ್ತೇನವ್ವಾ."

"ಆಕಿ ಅಪ್ಪನ್ನ ಕೇಳಿ ಹೇಳ್ತೇನ್ರಿ."

ರೇಣುಕಾ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಇವತ್ತು ವಸ್ತಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕಾದೆ. ಬರಲಿಲ್ಲ. ಪ್ರಾರ್ಥನೆಗೆ ತಡವಾಗಿ ಹೆಡ್‌ಮಾಸ್ತರರಿಂದ ಒಂದು ಮಾತನ್ನೂ ಕೇಳಿಸಿಕೊಂಡೆ. ನಾಳೆ ಇನ್ನಷ್ಟು ಬೇಗ ಮನೆ ಬಿಡಬೇಕು.